ಹಚ್ಚಿಕೊಂಡವರೆಲ್ಲ ಹಚ್ಚಿಕೊಳ್ಳಬೇಕು

ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಒಂದು ಬಿಳಿ ಟ್ಯೂಬು ಉಳಿದುಕೊಂಡಿದೆ. ಹಿಂಡಿ ಹಿಂಡಿ ಅದರ ಹೊಟ್ಟೆ ಬೆನ್ನಿಗೆ ಹತ್ತಿದೆ. ಬಾಲದ ಕಡೆಯಿಂದ ಸುರುಳಿ ಸುತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದವಳು ನಾನೇ. ಮೇಲಿನ ಅಕ್ಷರಗಳು ತೀರಾ ಸಣ್ಣವು. ಕನ್ನಡಕ ಹಾಕಿಕೊಂಡು ಬಚ್ಚಲಿಗೆ ಹೋದರೆ ಹಬೆ ಹಿಡಿಯುತ್ತದೆ, ಹಾಕದಿದ್ದರೆ ಓದಲಾಗುವುದಿಲ್ಲ. ಓದಬೇಕಾದ್ದೇನೂ ಇಲ್ಲ ಬಿಡಿ. ಅದು ಸನ್‌ಸ್ಕ್ರೀನು, ಬಿಸಿಲಿಗೆ ಹೋಗುವ ಮೊದಲು ಮುಖಕ್ಕೆ ಹಚ್ಚಿಕೊಳ್ಳುವಂಥದ್ದು. ಅದರೊಳಗೆ ಇನ್ನು ಒಂದು ಹೊತ್ತಿಗಾಗುವಷ್ಟೂ ಇಲ್ಲ. ನಮ್ಮ ಯಜಮಾನರು ಅದನ್ನು ಎಸೆಯಲು ಹೋಗಿ ನನ್ನ ಕೈಲಿ ಬೈಸಿಕೊಂಡಿದ್ದಾರೆ.

ನಾನು ಹುಟ್ಟಿದ ಮನೆಯ ಬಚ್ಚಲಿನಲ್ಲೂ ಒಂದು ಗೂಡಿತ್ತು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಹಳ್ಳಿ ನಮ್ಮದು. ಆ ಗೂಡಿನಲ್ಲಿ ಇದ್ದದ್ದು ಒಂದು ಸೀಗೆಪುಡಿಯ ಡಬ್ಬ, ಹೊಸ ಸೋಪಿನ ಬೆನ್ನಿಗೆ ಅಂಟಿಸಿದ ಹಳೇ ಸೋಪಿನ ಚೂರು, ಮತ್ತೆ ಒಂದು ಉಜ್ಜುಗಲ್ಲು. ಈಗ ಫೋನಿನಲ್ಲಿ ಹುಡುಗಿಯರು ಬೆಳಗಿನ ರೊಟೀನು, ರಾತ್ರಿಯ ರೊಟೀನು ಎಂದು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಾರಲ್ಲ, ನಮಗೆ ಇದ್ದದ್ದು ವಾರದ ರೊಟೀನು. ಭಾನುವಾರ ಅವ್ವ ಹಂಡೆಗೆ ಉರಿ ಹಾಕಿ ಅಕ್ಕನನ್ನೂ ನನ್ನನ್ನೂ ಒಬ್ಬೊಬ್ಬರಾಗಿ ಒಳಗೆ ಎಳೆದುಕೊಳ್ಳುತ್ತಿದ್ದಳು. ಅಕ್ಕನ ಸ್ನಾನ ಬೇಗ ಮುಗಿಯುತ್ತಿತ್ತು. ಅಕ್ಕ ಎಣ್ಣೆಗೆಂಪು, ನಾನು ಎಣ್ಣೆಗಪ್ಪು. ಕಪ್ಪಿನಲ್ಲಿ ಎಲ್ಲೋ ಸ್ವಲ್ಪ ಕೊಳೆಯೂ ಸೇರಿಕೊಂಡಿರಬೇಕು ಎಂದು ಅವ್ವನಿಗೆ ಅನುಮಾನ. ಉಜ್ಜುಗಲ್ಲಿನಿಂದ ನನ್ನ ಕತ್ತು, ಮೊಣಕೈ ತಿಕ್ಕುವಾಗ ನಾನು ಕಿರುಚಿಕೊಂಡರೆ, "ಸುಮ್ಕಿರಮ್ಮಿ, ಇನ್ನೊಸಿ ತಿಕ್ಕುದ್ರೆ ಬುಡ್ತದೆ" ಅನ್ನುತ್ತಿದ್ದಳು. ಬಿಡಲಿಲ್ಲ. ಐವತ್ತು ದಾಟಿದರೂ ಇನ್ನೂ ಬಿಟ್ಟಿಲ್ಲ.

ನಮ್ಮ ಕಡೆ ಮೈಬಣ್ಣಕ್ಕೆ ಇರುವಷ್ಟು ಮಾತು ಬೇರೆ ಯಾವುದಕ್ಕೂ ಇಲ್ಲವೇನೋ. ಕೆಂಪಗೆ, ಎಣ್ಣೆಗೆಂಪು, ಗೋಧಿಬಣ್ಣ, ಸಾದುಗಪ್ಪು, ಎಣ್ಣೆಗಪ್ಪು. ಇವು ಸಾಲದು ಎಂದು ಹೊಗೆಸೊಪ್ಪು ಬೆಳೆಯುವ ನಮ್ಮ ಜನ ಇನ್ನೊಂದನ್ನು ಸೇರಿಸಿಕೊಂಡರು. ಹೊಲದಿಂದ ಮುರಿದು ತಂದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಎನ್ನುವ ಎತ್ತರದ ಕೋಣೆಯೊಳಗೆ ತೂಗುಹಾಕಿ ಉರಿ ಕೊಡುತ್ತಾರೆ. ಅಲ್ಲಿಂದ ನಿಂಬೆಹಣ್ಣಿನ ಬಣ್ಣ ತಾಳಿ ಹೊರಬಂದರೆ ಅದು ಬ್ರೈಟು. ಕಂದಿದರೆ ಮೀಡಿಯಮ್ಮು, ಅದಕ್ಕೂ ಕೆಳಗೆ ಲೋ. ಹೆಣ್ಣು ನೋಡಿ ಬಂದವರೂ ಜಗಲಿ ಮೇಲೆ ಕೂತು "ಉಡುಗಿ ಬ್ರೈಟಾಗವ್ಳೆ ಕಣ್ರೀ" ಅನ್ನುವುದುಂಟು. ನನ್ನನ್ನು ನೋಡಿ ಹೋದ ನಮ್ಮ ಅತ್ತೆ ದಾರಿಯಲ್ಲಿ "ಮೀಡಿಯಮ್ಮು" ಅಂದಿದ್ದರಂತೆ. ಜಗಳ ಕಾಯಬೇಕೆನಿಸಿದಾಗಲೆಲ್ಲ ನಾನು ಆ ಮಾತನ್ನು ಹೊರಗೆ ತೆಗೆಯುತ್ತೇನೆ. "ಲೋ ಅನ್ಲಿಲ್ವಲ್ಲ" ಎಂದು ಯಜಮಾನರು ಸಮಾಧಾನ ಹೇಳುತ್ತಾರೆ.

ಅಕ್ಕನ ಹತ್ತಿರ ಒಂದು ಸ್ನೋ ಡಬ್ಬಿ ಇತ್ತು. ಹಬ್ಬದ ದಿನ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನನಗೂ ಬಳಿಯುತ್ತಿದ್ದಳು. ಅವಳ ಮುಖಕ್ಕೆ ಹಚ್ಚಿದ್ದು ಒಳಗೆ ಇಳಿದುಹೋಗುತ್ತಿತ್ತು, ನನ್ನ ಮುಖದ ಮೇಲೆ ಹಚ್ಚಿದ್ದು ಹಾಗೇ ನಿಂತುಬಿಡುತ್ತಿತ್ತು. "ಬೂದಿ ಬಳ್ಕಂಡಂಗವ್ಳೆ" ಎಂದು ಅವ್ವ ನಕ್ಕರೆ ಅಕ್ಕ ನಗುತ್ತಿರಲಿಲ್ಲ. ತನ್ನ ಲಂಗದ ಚುಂಗಿನಿಂದ ಕೆನ್ನೆಯನ್ನು ಮೆತ್ತಗೆ ಒರೆಸಿ ಸಮ ಮಾಡುತ್ತಿದ್ದಳು. ಅಕ್ಕನ ಸ್ವಭಾವ ಅಂಥದ್ದು ಎಂದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟ್ಯೂಬಿನ ಮಾತು ಎಲ್ಲಿಗೋ ಹೋಯಿತು. ಅದು ಪವಿಯದು. ಪವಿ ನನ್ನ ಆ ಅಕ್ಕನ ಮಗಳು.

ಪವಿ ಮೊದಲ ಸಲ ನಮ್ಮ ಮನೆಗೆ ಬಂದಾಗ ಅವಳಿಗೆ ಎರಡು ತುಂಬಿ ಮೂರಕ್ಕೆ ಬಿದ್ದಿತ್ತು. ಅಕ್ಕನಿಗೆ ಎದೆಯ ಕಾಯಿಲೆ ಹಿಡಿದು, ಮಗುವಿಗೆ ಅಂಟೀತು, ಬೇರೆ ಇಡಿ ಎಂದು ಡಾಕ್ಟರು ಹೇಳಿದ್ದರು. ಅವ್ವ ಮಗುವನ್ನು ಸೊಂಟಕ್ಕೇರಿಸಿಕೊಂಡು ಹುಣಸೂರಿಗೆ ಬಸ್ಸು ಹತ್ತಿ ಬಂದಳು. ನನಗೆ ಮದುವೆಯಾಗಿ ಕೆಲವು ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಆಮೇಲೂ ಆಗಲಿಲ್ಲ. "ನಾಕು ದಿನ ಇಟ್ಕೊ" ಅಂದಳು ಅವ್ವ. ಮಗುವಿನ ಬೆರಳ ಸಂದಿಯಲ್ಲಿ, ಹೊಟ್ಟೆಯ ಮೇಲೆ, ತೊಡೆಯಲ್ಲಿ ಕಜ್ಜಿ ತುಂಬಿತ್ತು. ಕೆರೆದುಕೊಂಡು ಕೆರೆದುಕೊಂಡು ಅತ್ತಿದ್ದ ಮಗು ನನ್ನನ್ನು ನೋಡಿದ್ದೇ ತಡ, ನನ್ನ ಕತ್ತಿಗೆ ಎರಡೂ ಕೈ ಹಾಕಿ ಜೋತುಬಿತ್ತು. ಕಜ್ಜಿಯ ಕೈ. ನಾನು ಬಿಡಿಸಿಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬರು ವಯಸ್ಸಾದ ಕಂಪೌಂಡರಿದ್ದರು. ಒಂದು ಬಾಟಲಿ ಬಿಳಿ ಲೋಷನ್ನು ಕೈಗಿಟ್ಟು, ಕತ್ತಿನಿಂದ ಅಂಗಾಲಿನವರೆಗೆ ಒಂದು ಚೂರೂ ಬಿಡದಂತೆ ಹಚ್ಚಬೇಕು, ಬೆರಳ ಸಂದಿ, ಉಗುರಿನ ಕೆಳಗೆ, ಕಂಕುಳು, ಎಲ್ಲೂ ಬಿಟ್ಟುಹೋಗಬಾರದು ಎಂದರು. ಆಮೇಲೆ ಹೇಳಿದರು, "ಮಗೀಗೆ ಒಂದುಕ್ಕೇ ಹಚ್ಚುದ್ರೆ ಆಗಕಿಲ್ಲ ಕಣಮ್ಮ. ಇದು ಅಂಟು. ಮಗೀನ ಹಚ್ಕೊಂಡಿರೋರೆಲ್ಲ ಹಚ್ಕೊಬೇಕು."

ಅವರು ಹೇಳಿದ್ದು ಮಗುವನ್ನು ಎತ್ತಿ ಆಡಿಸುವವರೆಲ್ಲ ಲೋಷನ್ನು ಬಳಿದುಕೊಳ್ಳಬೇಕು ಎಂದು. ಪಕ್ಕದಲ್ಲಿದ್ದ ಅವ್ವ ನನ್ನ ಮುಖ ನೋಡಿದಳು. ಹೊರಗೆ ಬಂದ ಮೇಲೆ, "ಆಸ್ಪತ್ರೆಯೋರ್ಗೇ ಗೊತ್ತಾಗೋಯ್ತಲ್ಲ" ಅಂದಳು. ಸ್ವಲ್ಪ ದೂರ ನಡೆದು, ದನಿ ತಗ್ಗಿಸಿ, "ಬಾಳ ಹಚ್ಕೊಬೇಡ ಕಣಮ್ಮಿ. ನಾಳೆ ನಿಮ್ಮಕ್ಕ ಬಂದು ಕರ್ಕೊಂಡೋದ್ರೆ ನಿಂಗೆ ತಡ್ಕೊಳಕ್ಕಾಗಕಿಲ್ಲ" ಅಂದಳು. ನಾನು ಆಗಲಿ ಎಂದೆ. ಆಗಲೇ ನನ್ನ ಮೊಣಕೈ ಸಂದಿಯಲ್ಲಿ ನವೆ ಶುರುವಾಗಿತ್ತು.

ಸಂಜೆ ಬಿಸಿನೀರಿನಲ್ಲಿ ಮೈ ತೊಳೆಸಿ, ಮಣೆಯ ಮೇಲೆ ನಿಲ್ಲಿಸಿ ಲೋಷನ್ನು ಹಚ್ಚುತ್ತಿದ್ದೆ. ಕಜ್ಜಿ ಒಡೆದ ಕಡೆ ಉರಿಯುತ್ತಿತ್ತು. ನಾನು ಊದುತ್ತಿದ್ದೆ, ಮಗು ಕುಣಿಯುತ್ತಿತ್ತು. ಕತ್ತಿನಿಂದ ಶುರುಮಾಡಿ ಅಂಗಾಲಿಗೆ ಬಂದು, ಮುಗೀತು ಎಂದು ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ಪವಿ ಮೊಣಕೈ ಎತ್ತಿ ತೋರಿಸುತ್ತಿದ್ದಳು. "ಇಲ್ಲಿ ಬುಟ್ಟೋಯ್ತು."

ಬಿಟ್ಟುಹೋಗಿರುತ್ತಿರಲಿಲ್ಲ. ನಾನು ಹೇಳಿಕೇಳಿ ಬಸ್ ಡಿಪೋದಲ್ಲಿ ಗುಮಾಸ್ತೆ. ಕಂಡಕ್ಟರುಗಳು ತಂದ ಲೆಕ್ಕದಲ್ಲಿ ಒಂದು ಚೂರು ಬಿಟ್ಟುಹೋದರೂ ಅವತ್ತು ನನಗೆ ಊಟ ಸೇರುವುದಿಲ್ಲ. ಆದರೂ ಇನ್ನೊಂದು ತೊಟ್ಟು ಹಚ್ಚುತ್ತಿದ್ದೆ. ಆಮೇಲೆ ಕಿವಿಯ ಹಿಂದೆ ಬೆರಳಿಡುತ್ತಿದ್ದಳು. "ಇಲ್ಲೂ ಬುಟ್ಟೋಯ್ತು." ಕಜ್ಜಿ ಪೂರ್ತಿ ಹೋಗಿ, ಲೋಷನ್ನಿನ ಜಾಗಕ್ಕೆ ಕೊಬ್ಬರಿ ಎಣ್ಣೆ ಬಂದರೂ ಇದು ನಿಲ್ಲಲಿಲ್ಲ. ಕೈ ತೆಗೆಯಬಾರದು, ಅಷ್ಟೇ ಅವಳ ಉದ್ದೇಶ. ನನಗೂ ಬೇರೇನೂ ಉದ್ದೇಶವಿರಲಿಲ್ಲ.

ನಾಲ್ಕು ದಿನ ಎಂದದ್ದು ಒಂದಾದ ಮೇಲೊಂದು ಕಾರಣ ಹುಟ್ಟಿಕೊಂಡು ವರ್ಷಗಳಾದವು. ಅಕ್ಕನ ಕಾಯಿಲೆ ಒಮ್ಮೆ ವಾಸಿಯಾಗಿ ಮತ್ತೆ ತಿರುಗಿಕೊಂಡಿತು; ಆಮೇಲೆ ಬಸುರಿಯಾದಳು, ಬಾಣಂತನವಾಯಿತು. ಪವಿ ನನ್ನನ್ನು ಅವ್ವ ಎಂದು ಕರೆಯುತ್ತಿದ್ದಳು. ನಮ್ಮವ್ವ ಬಂದಾಗಲೆಲ್ಲ "ಚಿಕ್ಕವ್ವ ಅನ್ನಬೇಕು" ಎಂದು ತಿದ್ದಿ ಹೋಗುತ್ತಿದ್ದಳು. ಅವ್ವನ ಬಸ್ಸು ಬಿಟ್ಟ ಮೇಲೆ ಮತ್ತೆ ಮೊದಲಿನ ಹಾಗೇ.

ಸ್ಕೂಲಿಗೆ ಸೇರಿಸುವ ವಯಸ್ಸಿಗೆ ಅಕ್ಕ ಬಂದಳು. ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಳು, ಮಗಳಿಗೆ ಹೊಸ ಫ್ರಾಕು ತಂದಿದ್ದಳು. ಕೇಳಲು ಅವಳಿಗೆ ಬಾಯೇ ಬರಲಿಲ್ಲ. "ಕಳಿಸ್ಕೊಡ್ತೀಯ?" ಅಂದಳು ಕೊನೆಗೆ, ತನ್ನ ಮಗಳನ್ನು ತಾನೇ ಸಾಲ ಕೇಳುವವಳ ಹಾಗೆ. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟೆ. ಕಿಟಕಿ ಸಿಕ್ಕಿದ ಖುಷಿಯಲ್ಲಿ ಪವಿ ನನ್ನ ಕಡೆ ಸರಿಯಾಗಿ ತಿರುಗಿ ನೋಡಲಿಲ್ಲ. ಬಸ್ಸು ತಿರುವು ದಾಟುವವರೆಗೂ ನಾನು ಅಲ್ಲೇ ನಿಂತಿದ್ದೆ. ಆಮೇಲೆ ಎಷ್ಟೋ ಕಾಲ ಆ ರೂಟಿನ ಕಂಡಕ್ಟರು ಡಿಪೋಗೆ ಬಂದರೆ, "ನಮ್ಮುಡುಗಿ ಕಂಡಿದ್ಲಾ?" ಎಂದು ಕೇಳುತ್ತಿದ್ದೆ. ಒಳ್ಳೆಯ ಮನುಷ್ಯ, ಕಾಣದಿದ್ದ ದಿನವೂ "ಕಂಡ್ಲು ಮೇಡಂ, ಸ್ಕೂಲ್ ಬ್ಯಾಗ್ ಹಾಕ್ಕೊಂಡು ಓಯ್ತಿದ್ಲು" ಅನ್ನುತ್ತಿದ್ದರು. ಭಾನುವಾರ ಕೂಡ ಹಾಗೆ ಅಂದಾಗಲೇ ನನಗೆ ಗೊತ್ತಾದದ್ದು.

ಮಕ್ಕಳ ನೆನಪು ಎಷ್ಟು ದಿನ ಇರುತ್ತದೆ ಹೇಳಿ. ಬೆಳೆಯುತ್ತ ಬೆಳೆಯುತ್ತ ಪವಿ ನೆಂಟರ ಹುಡುಗಿಯಾದಳು. ಹಬ್ಬಕ್ಕೆ ಬಂದರೆ "ಚೆನ್ನಾಗಿದ್ದೀಯ ಚಿಕ್ಕವ್ವ?" ಎಂದು ಕೇಳಿ ಫೋನು ಹಿಡಿದು ಕೂರುತ್ತಿದ್ದಳು. ಹಳೆಯದನ್ನು ಎತ್ತಿದರೆ ಎಲ್ಲಿ ಅವಳಿಗೆ ಮುಜುಗರವಾಗುತ್ತದೋ ಎಂದು ನಾನೂ ಎತ್ತಲಿಲ್ಲ. ಓದು ಮುಗಿಸಿ ಬೀಚನಹಳ್ಳಿ ಹತ್ತಿರದ ಒಂದು ರೆಸಾರ್ಟಿನಲ್ಲಿ, ಬಂದವರಿಗೆ ಕೈಮುಗಿದು ಕೀಲಿ ಕೊಡುವ ಕೌಂಟರಿನ ಕೆಲಸಕ್ಕೆ ಸೇರಿದಳು. ಪಿರಿಯಾಪಟ್ಟಣದ ಕಡೆಯ ಹುಡುಗ, ಮಂಜು ಎಂದು ಹೆಸರು, ನೋಡಿ ಒಪ್ಪಿದ. ಹೊಗೆಸೊಪ್ಪಿನ ಬೇಸಾಯ, ಸ್ವಂತ ಬ್ಯಾರನ್ನು. ಅವನ ತಾಯಿ ಅಂದದ್ದು ಅದೇ ಮಾತು, "ಉಡುಗಿ ಬ್ರೈಟಾಗವ್ಳೆ." ಅಕ್ಕ ಫೋನಿನಲ್ಲಿ ಹೇಳಿ ನಕ್ಕಳು.

ದಸರಾ ಕಳೆದು ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಕಣ್ಣು ಮಾತ್ರ ಕಾಣುವಂತೆ ದುಪಟ್ಟಾ ಸುತ್ತಿಕೊಂಡ ಹುಡುಗಿಯೊಬ್ಬಳು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕಣ್ಣಿನಿಂದಲೇ ಗುರುತು ಸಿಕ್ಕಿತು. ಒಳಗೆ ಬಂದು ದುಪಟ್ಟಾ ತೆಗೆದಳು. ಮುಖವೆಲ್ಲ ಕೆಂಪಗೆ ಊದಿ, ಗಲ್ಲದ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಕೆನ್ನೆಯಲ್ಲಿ ಕೂದಲೆಳೆಯಂಥ ಕೆಂಪು ನರಗಳು ಕಾಣುತ್ತಿದ್ದವು.

"ಏನ್ ಪವಿ ಇದು, ಏನ್ ಹಚ್ಕೊಂಡೆ?" ಎಂದೆ.

ಬ್ಯಾಗಿನಿಂದ ಒಂದು ಪುಟ್ಟ ಟ್ಯೂಬು ತೆಗೆದು ಕೊಟ್ಟಳು. ಜೊತೆಯವಳೊಬ್ಬಳು ಹೇಳಿದಳೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದದ್ದಂತೆ. ಹಚ್ಚಿದ ಕೆಲವೇ ದಿನಕ್ಕೆ ಮುಖ ತಿಳಿಯಾಗಿ, ಕನ್ನಡಿ ನೋಡಿದರೆ ನಂಬಿಕೆ ಬಾರದಷ್ಟು ಬೆಳ್ಳಗಾಯಿತಂತೆ. ಆಮೇಲೆ ಒಂದು ದಿನ ಹಚ್ಚದಿದ್ದರೂ ಉರಿ. ಈಗ ಹಚ್ಚಿದರೂ ಉರಿ. ಮದುವೆ ಇನ್ನು ಕೆಲವು ತಿಂಗಳು, ಮಂಜುವಿನ ಸೊಪ್ಪು ಹರಾಜಾದ ಮೇಲೆ.

"ಕೆಲ್ಸಕ್ಕೆ ರಜ ಹಾಕಿವ್ನಿ. ಊರಲ್ಲಿದ್ರೆ ಎಲ್ರೂ ಕೇಳ್ತಾರೆ. ಇಲ್ಲಿರ್ಲಾ?" ಅಂದಳು. ದುಪಟ್ಟಾ ಮಡಚುತ್ತ, "ಅವ್ರು ಒಪ್ಕೊಂಡಿರೋದು ಕ್ರೀಮ್ ಹಚ್ಚಿದ್ ಮುಖನ ಚಿಕ್ಕವ್ವ. ಇದ್ನ ನೋಡುದ್ರೆ ಬ್ಯಾಡ ಅಂತಾರೆ" ಅಂದಳು. ಅವಳು ಅಳಲಿಲ್ಲ. ಅತ್ತರೆ ಮುಖ ಇನ್ನೂ ಉರಿಯುತ್ತದೆ ಎಂದು ತಡೆದುಕೊಂಡಿದ್ದಳು. ಅದನ್ನು ನೋಡಿ ನನಗೇ ಅಳು ಬಂತು.

ಮೈಸೂರಿಗೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾಯುವ ಕೋಣೆಯಲ್ಲಿ ಗೋಡೆ ತುಂಬ ಪಟಗಳು, ಮೇಲಿನ ಚರ್ಮ ಸುಲಿಸಿ ಪೀಲ್ ಮಾಡಿಸಿದ ಮುಖ, ಲೇಸರ್ ಮಾಡಿಸಿದ ಮುಖ, ಮಾಡಿಸುವ ಮೊದಲಿನ ಮುಖ. ಮೊದಲಿನ ಮುಖಗಳೆಲ್ಲ ನಮ್ಮ ನೆಂಟರ ಹಾಗೆ ಕಂಡವು. ಎದುರಿಗೆ ಕೂತಿದ್ದ ಹೆಂಗಸು ಮುಖಕ್ಕೆ ಮರಗಟ್ಟಿಸುವ ಕ್ರೀಮು ಬಳಿಸಿಕೊಂಡು, ಮೇಲೊಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಲೇಸರಿಗೆ ಕಾಯುತ್ತಿದ್ದರು. ಆ ಹಾಳೆಯ ಒಳಗಿಂದಲೇ ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು. ತುಟಿ ಒಂದೇ ಕಡೆಗೆ ಬಂತು. ಪಾಪ, ನಾನೂ ನಕ್ಕೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಮುಖಕ್ಕೆ ಏನೇನು ಹಚ್ಕೊಳ್ತಿದ್ರಿ?" ಎಂದು ಕೇಳಿದರು. ಪವಿ ಒಂದೊಂದಾಗಿ ಹೇಳಿದಳು, ಆ ಕ್ರೀಮು, ಮೊಡವೆಗೆ ಟೂತ್‌ಪೇಸ್ಟು, ನಿಂಬೆಹಣ್ಣು, ಸಕ್ಕರೆ ಹಾಕಿ ಉಜ್ಜುವುದು, ಅಕ್ಕಿ ತೊಳೆದ ನೀರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇದು ಬೆಳ್ಳಗಾಗೋ ಕ್ರೀಮಲ್ಲಮ್ಮ, ಇದ್ರಲ್ಲಿ ಸ್ಟೀರಾಯ್ಡ್ ಇದೆ. ಡಾಕ್ಟರ್ ಹೇಳದೆ ಮುಖಕ್ಕೆ ಹಚ್ಚಬಾರದು. ಹಚ್ಚಿದಷ್ಟು ದಿನ ಚೆನ್ನಾಗಿ ಕಾಣುತ್ತೆ, ಚರ್ಮ ತೆಳ್ಳಗಾಗ್ತಾ ಹೋಗುತ್ತೆ. ಈಗ ಬಿಟ್ರೆ ಮೊದಲು ಜಾಸ್ತಿಯಾಗುತ್ತೆ. ಹೆದರಿಕೊಂಡು ಮತ್ತೆ ಹಚ್ಚಿದ್ರೆ ಮುಗೀತು, ಮೊದಲಿಂದ ಶುರು. ಮದುವೆವರೆಗೂ ತಡ್ಕೊಳ್ತೀರಾ?"

"ಪೀಲೋ ಲೇಸರೋ ಮಾಡಿಸ್ಬಿಟ್ರೆ?" ಎಂದಳು ಪವಿ.

"ಸುಟ್ಟ ಗಾಯದ ಮೇಲೆ ಯಾರಾದ್ರೂ ಉಜ್ಜಿಸ್ಕೊಳ್ತಾರಾ? ಈಗ ಏನೂ ಬೇಡ. ಮಾತ್ರೆ ಕೊಡ್ತೀನಿ. ಸೌಮ್ಯವಾದ ಫೇಸ್‌ವಾಶು, ಒಂದು ಮಾಯಿಶ್ಚರೈಸರು, ಹಗಲು ಸನ್‌ಸ್ಕ್ರೀನು, ಅಷ್ಟೇ ರೊಟೀನು. ಇನ್ನೇನೂ ಹಚ್ಕೊಳ್ಳಬೇಡಿ. ಅರಿಶಿನವೂ ಬೇಡ."

"ಬಿಟ್ರೆ ಕಪ್ಪಾಗ್ತೀನಾ ಡಾಕ್ಟ್ರೇ?"

"ನಿಮ್ಮ ಬಣ್ಣ ನಿಮಗೆ ವಾಪಸ್ ಬರುತ್ತೆ" ಅಂದರು ಡಾಕ್ಟರು. ನಮ್ಮ ಅವ್ವ ಉಜ್ಜುಗಲ್ಲು ಹಿಡಿದಿದ್ದ ಕಾಲಕ್ಕೆ ಇಂಥದ್ದೊಂದು ಮಾತು ಹೇಳುವವರು ಯಾರೂ ಇರಲಿಲ್ಲವಲ್ಲ ಅನ್ನಿಸಿತು.

ಸನ್‌ಸ್ಕ್ರೀನನ್ನು ಎರಡು ಬೆರಳ ಉದ್ದಕ್ಕೆ ಹಿಂಡಿಕೊಂಡು ಹಚ್ಚಬೇಕಂತೆ. "ಯಾರ ಬೆರಳು ಡಾಕ್ಟ್ರೇ?" ಎಂದು ಕೇಳಿಬಿಟ್ಟೆ. ಲೆಕ್ಕದವಳ ಬುದ್ಧಿ. ಆಗ ಅವರು ನನ್ನ ಕಡೆ ನೋಡಿದರು. "ನಿಮ್ಮ ಕೆನ್ನೆ ಮೇಲೂ ಬಂಗು ಇದೆಯಲ್ಲ, ಯಾಕೆ ತೋರಿಸಿಲ್ಲ?" ಅಂದರು. ಕೆನ್ನೆಯ ಆ ಕಂದು ಕಲೆ ನನ್ನ ಜೊತೆಗೆ ಎಷ್ಟೋ ವರ್ಷದಿಂದ ಇದೆ. ಅದೂ ಮನೆಯವರಲ್ಲಿ ಒಬ್ಬರು ಅಂದುಕೊಂಡಿದ್ದೆ. "ನಾನು ಇವಳ ಜೊತೇಲಿ ಬಂದೋಳು ಬಿಡಿ" ಎಂದೆ. "ಜೊತೇಲಿ ಬಂದೋರೂ ಹಚ್ಕೊಬಹುದು" ಎಂದು ನನಗೂ ಅದೇ ಟ್ಯೂಬು ಬರೆದುಕೊಟ್ಟರು. ಹಳೇ ಕಂಪೌಂಡರು ನೆನಪಾದರು. ವಾಪಸು ಬರುವಾಗ ಬಸ್ಸಿನಲ್ಲಿ ಆ ಕಥೆಯನ್ನು ಪವಿಗೆ ಹೇಳೋಣ ಎಂದುಕೊಂಡೆ. ಅವಳು ದುಪಟ್ಟಾ ಸುತ್ತಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಹೇಳಲಿಲ್ಲ.

ಮನೆಗೆ ಬಂದ ಮೇಲೆ ಆ ಕೆಟ್ಟ ಟ್ಯೂಬನ್ನು ನನ್ನ ಕೈಗೆ ಕೊಟ್ಟು, "ನ್ಯಾನು ಕೇಳುದ್ರೂ ಕೊಡ್ಬೇಡ" ಅಂದಳು. ಬೆಳಿಗ್ಗೆ ನಾವಿಬ್ಬರೂ ಬಚ್ಚಲ ಕನ್ನಡಿಯ ಮುಂದೆ ನಿಂತು ಸನ್‌ಸ್ಕ್ರೀನು ಹಚ್ಚಿಕೊಳ್ಳುತ್ತಿದ್ದೆವು. ಯಜಮಾನರಿಗೂ ಆಸೆಯಾಗಿ, ಅವರ ಬೆರಳಿನ ಲೆಕ್ಕದಲ್ಲಿ ಹಿಂಡಿಕೊಂಡು, ಸಂಜೆ ಟೀವಿಯ ಮುಂದೆ ಬೆಳ್ಳಗೆ ಕೂತಿದ್ದರು. "ಟೀವೀಲೂ ಬೆಳಕಿರ್ತದಲ್ಲ" ಅಂದರು. ಅವತ್ತೊಂದು ದಿನ ಪವಿ ನಕ್ಕಳು.

ಆಮೇಲೆ ಡಾಕ್ಟರು ಹೇಳಿದಂತೆಯೇ ಆಯಿತು. ಮುಖ ಇನ್ನೂ ಕೆಂಪಾಯಿತು, ಸಿಪ್ಪೆ ಎದ್ದಿತು, ಉಪ್ಪಿನ ನೀರು ಸೋಕಿದಂತೆ ಉರಿಯಿತು. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಹಾಕಿಕೊಂಡು ಮಲಗಿರುತ್ತಿದ್ದಳು. ನನಗೆ ಕೈ ಮುಂದಕ್ಕೆ ಹೋಗುತ್ತಿತ್ತು, ಮುಟ್ಟಿದರೆ ಉರಿಯುತ್ತದೆ ಎಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಒಂದು ಕಾಲದಲ್ಲಿ ಆ ಮೈಯ ಒಂದೊಂದು ಸಂದಿಯೂ ನನ್ನ ಬೆರಳಿಗೆ ಗೊತ್ತಿತ್ತು. ಈಗ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು.

ಅಂಥದ್ದರಲ್ಲಿ ಮಂಜುವಿನ ಫೋನು ಬಂತು. ಹುಣಸೂರಿಗೆ ಏನೋ ಕೆಲಸಕ್ಕೆ ಬಂದಿದ್ದಾನೆ, ಮನೆಗೆ ಬಂದು ಹೋಗುತ್ತಾನಂತೆ. ಪವಿ ಅವನಿಗೆ ಬಿಸಿಲು ಆಗುತ್ತಿಲ್ಲ ಎಂದಷ್ಟೇ ಹೇಳಿದ್ದಳು. ಫೋನಿಟ್ಟವಳೇ ಅಡಿಗೆಮನೆಗೆ ಬಂದಳು.

"ಆ ಟ್ಯೂಬ್ ಕೊಡು ಚಿಕ್ಕವ್ವ."

"ಇಲ್ಲ."

"ಒಂದೇ ಸಲ. ಅವ್ರು ಬಂದೋಗೋಗಂಟ. ಆಮೇಕೆ ಮುಟ್ಟಕಿಲ್ಲ."

"ಅದು ಇಲ್ಲ ಪವಿ. ಬಚ್ಚಲಿಗೆ ಹಿಂಡ್ಬುಟ್ಟೆ" ಎಂದೆ. ನಿಜವಾಗಿಯೂ ಹಿಂಡಿಬಿಟ್ಟಿದ್ದೆ. ಅವಳು ಕೇಳಿದರೆ ಕೊಡದೆ ಇರುವಷ್ಟು ಗಟ್ಟಿಗಿತ್ತಿ ನಾನಲ್ಲ ಎಂದು ನನಗೆ ಗೊತ್ತಿತ್ತು.

ಅವಳ ಮುಖ ಇನ್ನಷ್ಟು ಕೆಂಪಾಯಿತು. "ನನ್ ಮದ್ವೆ ಮುರ್ದೋದ್ರೆ ನೀನೇನ್ ಕಟ್ಕೊಡ್ತೀಯಾ? ಎಲ್ಲಾನೂ ನೀನೇ ತೀರ್ಮಾನ ಮಾಡಕ್ಕೆ ನೀನೇನು ನಮ್ಮವ್ವನಾ?" ಅಂದಳು.

ನಾನು ಸಾರಿನ ಪಾತ್ರೆಯ ಕಡೆ ತಿರುಗಿಕೊಂಡೆ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಒಳಗೆ ಮಾತ್ರ ಖಾರ ಎರಚಿದಂತಾಯಿತು. ಹಚ್ಕೊಬೇಡ ಎಂದು ಅವ್ವ ಹೇಳಿದ್ದಳಲ್ಲ, ಇಷ್ಟು ವರ್ಷ ಕಳೆದ ಮೇಲೆ ಸಾರು ಕುದಿಯುವುದನ್ನು ನೋಡುತ್ತ ಆ ಮಾತಿಗೆ ತಲೆಯಾಡಿಸಿದೆ.

ಮಂಜು ಬಂದ. ಕೈಯಲ್ಲೊಂದು ಬಟ್ಟೆಯ ಟೋಪಿ, ಅಗಲವಾದ ಅಂಚಿನದು. "ನಮ್ಮೂರ್ ಕಡೆ ಕೊಪ್ಪದಲ್ಲಿ ಮಾರ್ತಿದ್ರು ಚಿಕ್ಕತ್ತೆ. ಬಿಸ್ಲಾಗಕಿಲ್ಲ ಅಂದಿದ್ರಲ್ಲ, ತಂದೆ" ಎಂದ. ಕೂತವನು ಆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕೆಳಗೆ ಎರಡೂ ಕೈ ತೂರಿಸಿದ. ಕಾಫಿ ಕೊಟ್ಟರೆ ಆಮೇಲೆ ಕುಡೀತೀನಿ ಎಂದ. ಕಾಫಿ ಆರುತ್ತಿತ್ತು.

ಪವಿ ಕೋಣೆಯ ಬಾಗಿಲಿಗೆ ಬಂದಳು. ದುಪಟ್ಟಾ ಸುತ್ತಿಕೊಂಡಿರಲಿಲ್ಲ. ಏನಾದರಾಗಲಿ ಎನ್ನುವವರ ಹಾಗೆ ನೇರವಾಗಿ ಬಂದು ಅವನೆದುರು ನಿಂತಳು. ಅವನು ನೋಡಿದ. ಎದ್ದು ನಿಂತ. ಟೋಪಿ ಕೆಳಗೆ ಬಿತ್ತು. ಅವನ ಎರಡು ಅಂಗೈಯೂ ಬೆರಳುಗಳೂ ಕೀಲೆಣ್ಣೆ ಮೆತ್ತಿದಂತೆ ಕಪ್ಪಾಗಿದ್ದವು. ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಕೈಗೇನದು?" ಎಂದಳು ಪವಿ.

"ಸೊಪ್ಪಿನ್ ಅಂಟು. ಸೊಪ್ಪು ಮುರಿಯೋ ಟೈಮಲ್ಲಿ ಇಂಗೇಯ. ಬರ ಮುಂಚೆ ಉಣಸೆಹಣ್ಣಾಕಿ ತಿಕ್ಕುದೆ, ಓಗ್ಲಿಲ್ಲ." ಅವಳ ಮುಖ ನೋಡಿ, "ತಿಕ್ಕುದ್ರೆ ಓಗಕಿಲ್ಲ. ಸೀಸನ್ ಮುಗುದ್ರೆ ತಾನೇ ಬುಟ್ಟೋಯ್ತದೆ. ನಿಮ್ದೂ ಅಂಗೆಯಾ ಬುಡಿ" ಅಂದ.

"ಬುಟ್ಟೋದ್ ಮೇಲೆ ಕಪ್ಪಗೇ ಇರ್ತೀನಿ" ಅಂದಳು ಅವಳು.

"ನ್ಯಾನೂ" ಎಂದ ಮಂಜು.

ಪವಿ ಟೋಪಿ ಎತ್ತಿಕೊಂಡಳು. ತಣ್ಣಗಾದ ಕಾಫಿಯನ್ನು ಅವನು ಕಪ್ಪು ಕೈಯಲ್ಲೇ ಲೋಟ ಹಿಡಿದು ಕುಡಿದ. ಆಮೇಲೆ ಎಷ್ಟೋ ದಿನ ಅವಳು ಬಟ್ಟೆ ಒಣಹಾಕಲು ಹೋಗುವಾಗಲೂ ಆ ಟೋಪಿ ಹಾಕಿಕೊಂಡು ಹೋಗುತ್ತಿದ್ದಳು. ನಮ್ಮ ಬೀದಿಯ ನಾಯಿ ಬೊಗಳುತ್ತಿತ್ತು. ನನ್ನ ಜೊತೆ ಮಾತು ಮೊದಲಿನಂತೆಯೇ ಆಯಿತು. ಅಡಿಗೆಮನೆಯ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಖದ ಉರಿ ಕಡಿಮೆಯಾಗಿ, ಕೆಂಪು ಇಳಿದು, ಡಾಕ್ಟರು ಹೇಳಿದ್ದ ಆ ಅವಳ ಬಣ್ಣ ಮೆಲ್ಲಗೆ ಹಿಂತಿರುಗಿತು. ಎಣ್ಣೆಗಪ್ಪು. ಸೊಂಟದ ಮೇಲೆ ಕೂತು ನನ್ನ ಮನೆಗೆ ಬಂದ ಮಗುವಿನ ಬಣ್ಣ. ಅವಳು ಊರಿಗೆ ಹೊರಟ ದಿನವೂ ನಾನು ಕಿಟಕಿ ಸೀಟು ಹಿಡಿದುಕೊಟ್ಟೆ.

ಮದುವೆಯ ಹಿಂದಿನ ದಿನ ಅಕ್ಕನ ಮನೆಯಲ್ಲಿ ಅರಿಶಿನದ ಶಾಸ್ತ್ರ. ಚಪ್ಪರದ ಕೆಳಗೆ ಮಣೆಯ ಮೇಲೆ ಪವಿ ಕೂತಿದ್ದಳು. ಹೆಂಗಸರು ಅರಿಶಿನದ ಬಟ್ಟಲು ಹಿಡಿದು ಸುತ್ತ ನಿಂತಿದ್ದರು. ಮಕ್ಕಳಿಲ್ಲದವಳು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಇಂಥ ಕಡೆ ಎಲ್ಲಿ ನಿಲ್ಲಬೇಕು ಎಂದು ನನಗೆ ರೂಢಿಯಾಗಿದೆ. ನಾನು ಕಂಬದ ಹತ್ತಿರ ನಿಂತಿದ್ದೆ. ಕಾಲಿಗೆ, ಕೈಗೆ ಹಚ್ಚಿ ಮುಖದ ಹತ್ತಿರ ಬಂದಾಗ ಪವಿ ಕೈ ಅಡ್ಡ ಇಟ್ಟಳು.

"ಮುಖಕ್ಕೆ ಬ್ಯಾಡ. ಡಾಕ್ಟ್ರು ಅರಿಶಿನ ಹಚ್ಕೊಬೇಡ ಅಂದವ್ರೆ."

ಹೆಂಗಸರಲ್ಲಿ ಗುಸುಗುಸು ಎದ್ದಿತು. ಮುಖಕ್ಕೆ ಅರಿಶಿನವಿಲ್ಲದ ಮದುವಣಗಿತ್ತಿಯೇ, ಒಂದು ಚೂರಾದರೂ ಸೋಕಿಸಿ, ಎಂದು ಯಾರೋ ಅಂದರು. ಎಲ್ಲರೂ ಅಕ್ಕನ ಕಡೆ ನೋಡಿದರು. ಅಕ್ಕ ಮಗಳನ್ನು ನೋಡಿದಳು. ಆಮೇಲೆ ಕಂಬದ ಕಡೆ ತಿರುಗಿ ನನ್ನನ್ನು ಕರೆದಳು.

"ನೀನ್ ಬಾ ಇಲ್ಲಿ. ಅವ್ಳ್ ಮೈ ಗುಣ ನಿಂಗೇ ಗೊತ್ತಿರೋದು. ಏನ್ ಹಚ್ಬೋದೋ ಅದ್ನೇ ಹಚ್ಚು."

ನನ್ನ ಬ್ಯಾಗಿನಲ್ಲಿ ಡಾಕ್ಟರು ಪವಿಗೆ ಬರೆದುಕೊಟ್ಟಿದ್ದ, ಅವಳು ನಮ್ಮ ಬಚ್ಚಲ ಗೂಡಿನಲ್ಲೇ ಬಿಟ್ಟುಹೋಗಿದ್ದ ಆ ಬಿಳಿ ಟ್ಯೂಬು ಇತ್ತು. ಕೈ ತೊಳೆದುಕೊಂಡು ಅವಳೆದುರು ಕೂತೆ. ಎರಡು ಬೆರಳ ಉದ್ದಕ್ಕೆ ಹಿಂಡಿಕೊಂಡೆ, ನನ್ನ ಬೆರಳೇ. ಬಿಳಿ ಅರಿಶಿನ ಎಂದು ಯಾರೋ ನಕ್ಕರು. ಪವಿ ಕಣ್ಣು ಮುಚ್ಚಿಕೊಂಡಳು. ಹಣೆಗೆ ಹಚ್ಚಿದೆ, ಕೆನ್ನೆಗೆ, ಮೂಗಿನ ಪಕ್ಕಕ್ಕೆ, ಗಲ್ಲಕ್ಕೆ, ಕಿವಿಯ ಹಿಂದಕ್ಕೆ, ಕತ್ತಿಗೆ, ಎಲ್ಲೂ ಬಿಡದಂತೆ ಮೆತ್ತಗೆ ಹಚ್ಚಿದೆ. ಅಷ್ಟು ತಿಂಗಳು ಮುಟ್ಟಲಾಗದ ಮುಖ ಅದು, ತಂಪಾಗಿತ್ತು. ಮುಗಿಯಿತು ಎಂದು ಕೈ ಹಿಂದಕ್ಕೆ ತೆಗೆದೆ.

ಪವಿ ಕಣ್ಣು ತೆರೆಯಲಿಲ್ಲ. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಅರಿಶಿನದ ಬೆರಳಿನಿಂದ ಕಿವಿಯ ಹಿಂದೆ ತೋರಿಸಿದಳು.

"ಇಲ್ಲಿ ಬುಟ್ಟೋಯ್ತು" ಅಂದಳು.

ಬಿಟ್ಟುಹೋಗಿರಲಿಲ್ಲ. ಆದರೂ ಹಚ್ಚಿದೆ.